ಎರಡು ಸಾಲಿನ ಸೂಚನೆ

ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯ ಅಳತೆಯಲ್ಲಿ ಬಹು ಸಣ್ಣದು. ಎರಡೇ ಎರಡು ಸಾಲು. ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಏನನ್ನಾದರೂ ಹುಡುಕಿದವರೆಲ್ಲರೂ ಅದನ್ನು ಕಂಡಿದ್ದಾರೆ. ನಾವು ಒಂದು ಮಾತನ್ನು ಬರೆದು ಗುಂಡಿ ಒತ್ತಿದೊಡನೆ ಹತ್ತಾರು ಪುಟಗಳ ಹೆಸರುಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಪ್ರತಿಯೊಂದು ಹೆಸರಿನ ಕೆಳಗೂ ಸಣ್ಣಕ್ಷರದಲ್ಲಿ ಒಂದು ವಿವರಣೆ ಇರುತ್ತದೆ. ಓದುಗನು ಆ ಬಾಗಿಲಿನಿಂದ ಒಳಗೆ ಹೋಗಬೇಕೋ, ಮುಂದಿನ ಮನೆಗೆ ನಡೆಯಬೇಕೋ ಎಂಬುದು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ. ಆ ಎರಡು ಸಾಲುಗಳನ್ನು ಬರೆಯುವುದೇ ಇಂದು ಒಂದು ಕಸುಬಾಗಿದೆ. ಕಸುಬಿನವರು ಅದನ್ನು ಮೆಟಾ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ನಾನು ಸುಮ್ಮನೆ ವಿವರಣೆ ಎನ್ನುತ್ತೇನೆ.

ಹಳಗನ್ನಡ, ನಡುಗನ್ನಡಗಳ ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಈ ಎರಡು ಸಾಲಿನ ವಿದ್ಯೆ ನಮ್ಮ ಕವಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ಬಳಸಿದ ಬಗೆಗೂ ಇಂದಿನವರು ಬಳಸುವ ಬಗೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಕುಮಾರವ್ಯಾಸನ ಭಾರತವನ್ನು ತೆರೆದು ನೋಡಿ. ಅದರ ಹತ್ತು ಪರ್ವಗಳಲ್ಲಿ ಸಂಧಿಯ ತಲೆಯಲ್ಲಿ 'ಸೂಚನೆ' ಎಂಬ ಹೆಸರಿನಿಂದ ಅರ್ಧ ಷಟ್ಪದಿಯೊಂದು ಕಾಣಿಸುತ್ತದೆ. ಭಾಮಿನಿಯ ಪೂರ್ಣ ಪದ್ಯಕ್ಕೆ ೧೦೨ ಮಾತ್ರೆ; ಸೂಚನೆಗೆ ಅದರ ಅರ್ಧ, ೫೧ ಮಾತ್ರೆ. ಅಷ್ಟು ಕಿರಿದಾದ ಜಾಗದಲ್ಲಿ ಆ ಸಂಧಿಯಲ್ಲಿ ನಡೆಯುವುದನ್ನು ಕವಿ ಹೇಳಿಬಿಡುತ್ತಾನೆ. ಯಾರು ಯಾರೊಡನೆ ಕಾದಿದರು, ಯಾರು ಬಿದ್ದರು, ಯಾರು ಗೆದ್ದರು ಎಂಬುದರಲ್ಲಿ ಮುಚ್ಚುಮರೆಯಿಲ್ಲ. ಗಮಕಿ ಮೊದಲು ಸೂಚನೆಯನ್ನು ವಾಚಿಸುತ್ತಾನೆ. ಸಭೆಗೆ ಕಥೆಯ ಗುಟ್ಟು ಆಗಲೇ ತಿಳಿದುಹೋಗುತ್ತದೆ. ಆದರೂ ಯಾರೊಬ್ಬರೂ ಎದ್ದುಹೋಗುವುದಿಲ್ಲ. ಲಕ್ಷ್ಮೀಶನೂ ತನ್ನ ಜೈಮಿನಿ ಭಾರತದ ಸಂಧಿಗಳಿಗೆ ಸೂಚನೆ ಬರೆದಿದ್ದಾನೆ. ತೊರವೆ ರಾಮಾಯಣದಲ್ಲಿಯೂ ಸೂಚನೆಗಳುಂಟು. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದಿಲ್ಲವೆಂದು ಸೂಚನೆಯನ್ನು ಹಾರಿಸಿ ಓದುವ ವಿದ್ಯಾರ್ಥಿಗಳನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ಹಾರಿಸಿ ಪಾಠ ಹೇಳುವ ಅಧ್ಯಾಪಕರನ್ನೂ ಕಾಣದೆ ಇಲ್ಲ. ಆದರೆ ವಾಚನ ದಿನಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ, ನಿನ್ನೆ ಬಾರದೆ ಇಂದು ಬಂದ ಕೇಳುಗನಿಗೆ ತಾನು ಕಥೆಯ ಯಾವ ಓಣಿಯಲ್ಲಿ ನಿಂತಿದ್ದೇನೆಂಬುದನ್ನು ತಿಳಿಸಲು ಇದಕ್ಕಿಂತ ಉತ್ತಮವಾದ ಉಪಾಯವಿರಲಿಲ್ಲವೆಂದು ನನಗೆ ತೋರುತ್ತದೆ.

ಕಾವ್ಯದ ಮಾತು ಹಾಗಿರಲಿ, ಶಾಸ್ತ್ರಗ್ರಂಥಗಳಲ್ಲಿ ಇದು ಕಟ್ಟುನಿಟ್ಟಾದ ನಿಯಮವೇ ಆಗಿತ್ತು. ಗ್ರಂಥದ ಆರಂಭದಲ್ಲಿ ನಾಲ್ಕು ಸಂಗತಿಗಳನ್ನು ಹೇಳಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇವಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಸದಾನಂದನ ವೇದಾಂತಸಾರ ಮೊದಲಿಗೆ ಇವನ್ನೇ ವಿವರಿಸುತ್ತದೆ. ಪ್ರಯೋಜನವನ್ನು ಹೇಳದ ಶಾಸ್ತ್ರವನ್ನು ಯಾರು ತಾನೆ ಕೈಗೆತ್ತಿಕೊಂಡಾರು ಎಂದು ಕುಮಾರಿಲಭಟ್ಟ ಎಷ್ಟೋ ಮೊದಲೇ ವಾದಿಸಿದ್ದ. ಈ ನಾಲ್ಕರಲ್ಲಿ ನನ್ನ ಗಮನವನ್ನು ಹೆಚ್ಚಾಗಿ ಸೆಳೆಯುವುದು 'ಅಧಿಕಾರಿ' ಎಂಬ ಮಾತು. ಇಲ್ಲಿ ಅಧಿಕಾರಿಯೆಂದರೆ ಕಚೇರಿಯ ಅಧಿಕಾರಿಯಲ್ಲ. ಈ ಗ್ರಂಥವನ್ನು ಓದಲು ತಕ್ಕವನು ಎಂದರ್ಥ. ಇದು ಇಂಥವರಿಗೆ ಎಂದು ಹೇಳಿದಾಗ, ಉಳಿದವರಿಗೆ ಅಲ್ಲ ಎಂದೂ ಹೇಳಿದಂತಾಯಿತು. ಬಂದವರನ್ನೆಲ್ಲ ಒಳಗೆ ಎಳೆದುಕೊಳ್ಳಬೇಕೆಂಬ ಹಂಬಲ ಆ ಗ್ರಂಥಕರ್ತರಿಗೆ ಇರಲಿಲ್ಲ.

ಹಾಗೆಂದು ನಮ್ಮವರೆಲ್ಲ ಬರಿಯ ಸತ್ಯಸಂಧರು, ಪ್ರಚಾರವೆಂಬುದನ್ನೇ ಅರಿಯದವರು ಎಂದು ಯಾರೂ ಭ್ರಮಿಸಬೇಕಾಗಿಲ್ಲ. ಫಲಶ್ರುತಿ ಎಂಬುದೊಂದಿದೆಯಲ್ಲ! ಈ ಪುರಾಣವನ್ನು ಕೇಳಿದವನಿಗೆ ಇಷ್ಟು ಗೋದಾನದ ಫಲ, ಇಷ್ಟು ತೀರ್ಥಸ್ನಾನದ ಫಲ ಎಂದು ಅದು ಲೆಕ್ಕವಿಲ್ಲದೆ ಸುರಿಯುತ್ತದೆ. ಮೀಮಾಂಸಕರಿಗೆ ಇಂಥ ಮಾತಿನ ಮರ್ಮ ತಿಳಿದಿತ್ತು. ಕರ್ಮದಲ್ಲಿ ತೊಡಗಿಸುವುದಕ್ಕಾಗಿ ಹೊಗಳುವ ವಾಕ್ಯವನ್ನು ಅವರು ಅರ್ಥವಾದವೆಂದು ಕರೆದು, ವಿಧಿವಾಕ್ಯದಿಂದ ಬೇರೆಯಾಗಿ ಇಟ್ಟರು. ಹೊಗಳಿಕೆಗೂ ಒಂದು ಕೆಲಸವಿದೆ, ಆದರೆ ಅದನ್ನು ಹೊಗಳಿಕೆಯೆಂದು ತಿಳಿದೇ ಓದಬೇಕು ಎಂಬುದು ಅದರ ತಾತ್ಪರ್ಯ.

ಇನ್ನು ಹೊರದೇಶದ ಕಡೆಗೆ ನೋಡೋಣ. ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಭಂಡಾರಕ್ಕೆ ಸಂಬಂಧಿಸಿದಂತೆ ಕಲ್ಲಿಮಾಕಸ್ ಎಂಬ ಕವಿ ಗ್ರೀಕ್ ಸಾಹಿತ್ಯದ ಒಂದು ಪಟ್ಟಿಯನ್ನು ರಚಿಸಿದ. 'ಪಿನಕೆಸ್' ಎಂಬ ಆ ಪಟ್ಟಿಯೇ ೧೨೦ ಸುರುಳಿಗಳಷ್ಟಿತ್ತಂತೆ! ಕರ್ತೃವಿನ ವೃತ್ತಾಂತ, ಕೃತಿಯ ಮೊದಲ ಸಾಲು, ಒಟ್ಟು ಎಷ್ಟು ಸಾಲು ಎಂಬ ವಿವರ ಅದರಲ್ಲಿತ್ತು. ಇದನ್ನು ಕೇಳಿದಾಗ ಕನ್ನಡಿಗನಿಗೆ ತಟ್ಟನೆ ನೆನಪಾಗುವುದು ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ. ಕವಿಯ ಕಾಲ, ಗ್ರಂಥದ ಛಂದಸ್ಸು, ಸಂಧಿ ಇಷ್ಟು, ಪದ್ಯ ಇಷ್ಟು, ಕಥೆ ಇಂಥದು, ಮಾದರಿಗೆ ನಾಲ್ಕು ಪದ್ಯ, ಮುಗಿಯಿತು. ವಿಶೇಷಣಗಳ ಆಡಂಬರವಿಲ್ಲ. ಆದರೂ ಆ ಒಣ ಟಿಪ್ಪಣಿಗಳನ್ನು ಓದಿ ಹಸ್ತಪ್ರತಿಗಳ ಹಿಂದೆ ಬಿದ್ದವರು ಎಷ್ಟು ಮಂದಿ! ಅದರ ಮೊದಲ ಸಂಪುಟ ಪ್ರಕಟವಾದದ್ದು ೧೯೦೭ರಲ್ಲಿ. ಕಾಕತಾಳೀಯವೆಂದರೆ ಅದೇ ೧೯೦೭ರಲ್ಲಿ ಅಮೆರಿಕದಲ್ಲಿ ಗೆಲೆಟ್ ಬರ್ಜೆಸ್ ಎಂಬ ವಿನೋದಲೇಖಕ ಪುಸ್ತಕದ ಹೊದಿಕೆಯ ಮೇಲಿನ ಹೊಗಳಿಕೆಗೆ 'ಬ್ಲರ್ಬ್' ಎಂಬ ಹೆಸರನ್ನು ಹುಟ್ಟುಹಾಕಿದ. ಪುಸ್ತಕ ವ್ಯಾಪಾರಿಗಳ ಔತಣಕ್ಕೆಂದು ತನ್ನ ಪುಸ್ತಕಕ್ಕೆ ಅಣಕದ ಹೊದಿಕೆಯೊಂದನ್ನು ಮಾಡಿಸಿ, ಅದರ ಮೇಲೆ ಬಾಯಿಗೆ ಕೈಯಿಟ್ಟು ಕೂಗುವ ಒಬ್ಬ ತರುಣಿಯ ಚಿತ್ರ ಹಾಕಿ, ಅವಳಿಗೆ ಬೆಲಿಂಡ ಬ್ಲರ್ಬ್ ಎಂದು ನಾಮಕರಣ ಮಾಡಿದ. ಅವನು ಮಾಡಿದ್ದು ಹಾಸ್ಯ. ಪ್ರಕಾಶಕರು ಅದನ್ನು ಗಂಭೀರವಾಗಿಯೇ ಮುಂದುವರಿಸಿದರು.

ಒಂದು ಕಡೆ ಕವಿಚರಿತೆಯ ಟಿಪ್ಪಣಿ, ಇನ್ನೊಂದು ಕಡೆ ಬೆಲಿಂಡಳ ಕೂಗು. ಅಂತರಜಾಲದ ಎರಡು ಸಾಲಿನ ಚರಿತ್ರೆ ಈ ಎರಡರ ನಡುವಣ ಹಗ್ಗಜಗ್ಗಾಟವೇ ಆಗಿದೆ.

೧೯೯೪ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರಿ ಯಾಂಗ್ ಮತ್ತು ಡೇವಿಡ್ ಫಿಲೊ, ಜಾಲತಾಣಗಳ ಪಟ್ಟಿಯೊಂದನ್ನು ಆರಂಭಿಸಿದರು. ಅದೇ ಯಾಹೂ ಆಯಿತು. ಅದರ ವಿವರಣೆಗಳು ಮನುಷ್ಯರು ನೋಡಿ ತಿದ್ದಿದವು. ೧೯೯೮ರಲ್ಲಿ ಆರಂಭವಾದ ಓಪನ್ ಡೈರೆಕ್ಟರಿ ಎಂಬ ಇನ್ನೊಂದು ಪಟ್ಟಿಯನ್ನು ಸಂಬಳವಿಲ್ಲದ ಸ್ವಯಂಸೇವಕರು ಕಟ್ಟಿದರು. ತಾಣದಲ್ಲಿ ಏನಿದೆಯೋ ಅದನ್ನು ಹೇಳಿ, ಹೊಗಳಬೇಡಿ ಎಂಬುದು ಅವರಿಗಿದ್ದ ಕಟ್ಟಳೆ. ಇವರೆಲ್ಲರೂ ಕಲ್ಲಿಮಾಕಸನ ವಂಶಸ್ಥರು. ಆದರೆ ಪುಟಗಳು ಬೆಳೆದ ವೇಗಕ್ಕೆ ಮನುಷ್ಯರ ಲೇಖನಿ ಸಾಲಲಿಲ್ಲ. ಯಾಹೂವಿನ ಪಟ್ಟಿ ೨೦೧೪ರ ಕೊನೆಯಲ್ಲಿ ನಿಂತಿತು. ಓಪನ್ ಡೈರೆಕ್ಟರಿ ೨೦೧೭ರ ಮಾರ್ಚಿಯಲ್ಲಿ ಮುಚ್ಚಿತು.

ಇಷ್ಟರಲ್ಲಿ ಯಂತ್ರಗಳು ಬಂದಿದ್ದವು. ೧೯೯೫ರ ಡಿಸೆಂಬರಿನಲ್ಲಿ ಡಿಜಿಟಲ್ ಎಂಬ ಕಂಪನಿ ಆಲ್ಟವಿಸ್ಟ ಎಂಬ ಹುಡುಕುಯಂತ್ರವನ್ನು ಸಾರ್ವಜನಿಕರಿಗೆ ತೆರೆಯಿತು. ಅದು ಪುಟದ ಮೊದಲ ಕೆಲವು ಮಾತುಗಳನ್ನೇ ಎತ್ತಿ ವಿವರಣೆಯಾಗಿ ತೋರಿಸುತ್ತಿತ್ತು. ಪುಟದ ಒಡೆಯ ತಾನೇ ಒಂದು ವಿವರಣೆಯನ್ನು ಬರೆದಿಟ್ಟಿದ್ದರೆ ಅದನ್ನು ತೋರಿಸುತ್ತಿತ್ತು. ಆ ವಿವರಣೆ ಪುಟವನ್ನು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಮನೆಯ ಅಡಿಪಾಯದಲ್ಲಿ ಹುದುಗಿಸಿದ ತಾಮ್ರಶಾಸನದಂತೆ ಅದು ಪುಟದ ಒಳಬರಹದಲ್ಲಿ ಅಡಗಿರುತ್ತದೆ. ಯಂತ್ರ ಮಾತ್ರ ಅದನ್ನು ಓದುತ್ತದೆ. ವಿವರಣೆಯ ಜೊತೆಗೆ ಮುಖ್ಯಪದಗಳ ಪಟ್ಟಿಯನ್ನು ಇಡುವ ಏರ್ಪಾಟೂ ಇತ್ತು. ೧೯೯೭ರ ಡಿಸೆಂಬರಿನಲ್ಲಿ ಹೊರಬಂದ ಎಚ್‌ಟಿಎಂಎಲ್ ೪.೦ ಎಂಬ ಜಾಲಬರಹದ ನಿಯಮಾವಳಿ ತನ್ನ ಅನುಬಂಧದಲ್ಲಿ ಈ ಎರಡನ್ನೂ ಪ್ರಸ್ತಾಪಿಸಿತು.

ಲೇಖನಿ ಒಡೆಯನ ಕೈಗೆ ಬಂದೊಡನೆ ಏನಾಗಬೇಕೋ ಅದೇ ಆಯಿತು. ತನ್ನ ಪುಟದಲ್ಲಿ ಇಲ್ಲದ್ದನ್ನೆಲ್ಲ ಜನ ಅಲ್ಲಿ ತುರುಕಿದರು. ಚಪ್ಪಲಿ ಮಾರುವವನ ಪುಟದ ಒಳಬರಹದಲ್ಲಿ ಚಿತ್ರತಾರೆಯ ಹೆಸರು ನೂರು ಸಲ! ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರದಲ್ಲಿ ಬರೆದು, ಮನುಷ್ಯನಿಗೆ ಕಾಣದಂತೆ ಯಂತ್ರಕ್ಕೆ ಮಾತ್ರ ಕಾಣುವಂತೆ ಮಾಡಿದವರೂ ಇದ್ದರು. ಅರ್ಥವಾದವನ್ನೇ ವಿಧಿಯೆಂದು ಓದಿದ ಯಂತ್ರ ಮೋಸಹೋಯಿತು.

೧೯೯೮ರಲ್ಲಿ ಹುಟ್ಟಿದ ಗೂಗಲ್ ಇದಕ್ಕೆ ಬೇರೆ ದಾರಿ ಹಿಡಿಯಿತು. ಒಂದು ಪುಟ ತನ್ನ ಬಗ್ಗೆ ತಾನು ಆಡಿಕೊಳ್ಳುವ ಮಾತಿಗಿಂತ, ಇತರ ಪುಟಗಳು ಅದನ್ನು ಎಷ್ಟು ಮಟ್ಟಿಗೆ ಉಲ್ಲೇಖಿಸುತ್ತವೆ ಎಂಬುದಕ್ಕೆ ಹೆಚ್ಚಿನ ಬೆಲೆ ಕೊಟ್ಟಿತು. ಹೆಸರಿನ ಕೆಳಗಿನ ಎರಡು ಸಾಲನ್ನೂ ಅದು ಬಹುವೇಳೆ ಪುಟದೊಳಗಿನಿಂದಲೇ ಆರಿಸಿತು; ನಾವು ಹುಡುಕಿದ ಮಾತು ಎಲ್ಲಿ ಬಂದಿದೆಯೋ ಆ ಸುತ್ತಲಿನ ವಾಕ್ಯವನ್ನು ಕತ್ತರಿಸಿ ತೋರಿಸಿತು. ಈ ಉಪಾಯಕ್ಕೂ ಪೂರ್ವಜರುಂಟು. ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಎಂಬಾತ ೧೯೫೮ರಲ್ಲಿಯೇ, ಪ್ರಬಂಧವೊಂದರಲ್ಲಿ ಮತ್ತೆ ಮತ್ತೆ ಬರುವ ಮಹತ್ವದ ಪದಗಳನ್ನು ಎಣಿಸಿ, ಅವು ಗುಂಪಾಗಿ ಬಂದ ವಾಕ್ಯಗಳನ್ನು ಆರಿಸಿ, ಯಂತ್ರದಿಂದಲೇ ಸಾರಾಂಶ ತೆಗೆಸುವ ಬಗೆಯನ್ನು ಪ್ರಕಟಿಸಿದ್ದ. ೧೯೯೮ರಲ್ಲಿ ಟೊಂಬ್ರೊಸ್ ಮತ್ತು ಸ್ಯಾಂಡರ್ಸನ್ ಎಂಬವರು, ಹುಡುಕುವವನ ಪ್ರಶ್ನೆಗೆ ಹೊಂದಿಸಿ ತೆಗೆದ ಸಾರಾಂಶವು ಬರಹದ ಮೊದಲ ಸಾಲುಗಳಿಗಿಂತ ಅವನಿಗೆ ಹೆಚ್ಚು ನೆರವಾಗುತ್ತದೆಂದು ಪ್ರಯೋಗದಿಂದ ತೋರಿಸಿದರು. ನಮ್ಮ ಪದಪ್ರಯೋಗಕೋಶಗಳನ್ನು ಬಳಸಿದವರಿಗೆ ಇದರ ಸೊಗಸು ಬೇಗ ಅರ್ಥವಾಗುತ್ತದೆ: ಪದ ಒಂಟಿಯಾಗಿ ನಿಂತರೆ ಮೂಕ, ಅಕ್ಕಪಕ್ಕದ ಪದಗಳು ಸೇರಿದರೆ ಮಾತನಾಡುತ್ತದೆ.

ಹಾಗಾದರೆ ಒಡೆಯ ಬರೆದ ವಿವರಣೆ ಸತ್ತಿತೇ? ಇಲ್ಲ. ಇಲ್ಲಿಯೇ ಕಥೆ ಒಂದು ಕುತೂಹಲಕರವಾದ ತಿರುವನ್ನು ಪಡೆಯುತ್ತದೆ. ಪ್ರತಿಯೊಂದು ಪುಟಕ್ಕೂ ಅದರದೇ ಆದ ವಿವರಣೆಯನ್ನು ಬರೆಯಿರಿ ಎಂದು ೨೦೦೭ರಲ್ಲಿ ಗೂಗಲ್ಲೇ ತಾಣದ ಒಡೆಯರಿಗೆ ಸಲಹೆ ಕೊಟ್ಟಿತು. ಆದರೆ ೨೦೦೯ರ ಸೆಪ್ಟೆಂಬರಿನಲ್ಲಿ ಅದು ಇನ್ನೊಂದು ಮಾತನ್ನು ಬಹಿರಂಗವಾಗಿ ಸಾರಿತು: ಮುಖ್ಯಪದಗಳ ಗುಪ್ತಪಟ್ಟಿಯನ್ನು ನಾವು ಶ್ರೇಣಿ ನಿರ್ಧರಿಸಲು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ವಿವರಣೆಯನ್ನು ಕೆಲವು ವೇಳೆ ತೋರಿಸುತ್ತೇವೆ, ಆದರೆ ಅದರಿಂದಲೂ ಪುಟದ ಸ್ಥಾನ ಮೇಲೇರುವುದಿಲ್ಲ. ಈ ಘೋಷಣೆಯನ್ನು ಓದಿ ಅನೇಕ ವ್ಯಾಪಾರಿಗಳಿಗೆ ನಿರಾಶೆಯಾಗಿರಬೇಕು. ನನಗೆ ಮಾತ್ರ ಇದು ಬಿಡುಗಡೆಯಂತೆ ಕಾಣುತ್ತದೆ. ಯಂತ್ರವನ್ನು ಒಲಿಸುವ ಕೆಲಸ ತಪ್ಪಿದ ಮೇಲೆ ಆ ಎರಡು ಸಾಲು ಮನುಷ್ಯ ಮನುಷ್ಯನಿಗೆ ಆಡುವ ಮಾತಾಗಿ ಉಳಿಯಿತು.

ಆ ಮಾತನ್ನು ಹೇಗೆ ಆಡಬೇಕು? ಕಸುಬಿನವರಲ್ಲಿ ಎರಡು ಪಂಥಗಳಿವೆ. ಒಂದು ಪಂಥದವರು ಒಳಗೇನಿದೆಯೆಂದು ಹೇಳುತ್ತಾರೆ. ಇನ್ನೊಂದು ಪಂಥದವರು ಹೇಳುವಂತೆ ನಟಿಸಿ ಮುಚ್ಚಿಡುತ್ತಾರೆ. ಎರಡನೆಯವರ ಗುರುಪರಂಪರೆಯನ್ನು ನನ್ನ ವಯಸ್ಸಿನವರು ಬಲ್ಲರು. ಟೆಂಟು ಸಿನಿಮಾದ ಕಾಲದಲ್ಲಿ ಎತ್ತಿನ ಗಾಡಿಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬರುತ್ತಿದ್ದರು. ಬಣ್ಣದ ಕರಪತ್ರಗಳನ್ನು ಎಸೆಯುತ್ತಿದ್ದರು. ಹುಡುಗರು ಹಿಂದೆ ಓಡುತ್ತಿದ್ದೆವು. ಟೆಂಟಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಕಥಾಸಾರವೆಂಬುದು ಇರುತ್ತಿತ್ತು. ನಾಯಕಿ ಅಪಾಯದಲ್ಲಿ ಸಿಕ್ಕಿಕೊಳ್ಳುವವರೆಗೆ ಕಥೆ ಸಾಂಗವಾಗಿ ನಡೆದು, ಅಲ್ಲಿಗೆ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಮುಗಿಯುತ್ತಿತ್ತು. ನಾಯಕಿ ಕೊನೆಗೆ ಬದುಕುತ್ತಾಳೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಇದೇ ತಂತ್ರಕ್ಕೆ ಪಂಡಿತರ ವಿವರಣೆಯೂ ಬಂತು. ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸ ೧೯೯೪ರ ಪ್ರಬಂಧವೊಂದರಲ್ಲಿ, ನಮಗೆ ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವೆ ಬಿದ್ದ ಬಿರುಕೇ ಕುತೂಹಲ ಎಂದ. ಅವನು ಬರೆದದ್ದು ಮನಶ್ಶಾಸ್ತ್ರ. ಓದಿದವರು ಅದನ್ನು ಬಂಡವಾಳ ಮಾಡಿಕೊಂಡರು. ೨೦೧೨ರಲ್ಲಿ ಆರಂಭವಾದ ಅಪ್‌ವರ್ದಿ ಎಂಬ ತಾಣ ಇಂಥ ಅರೆಬರೆ ತಲೆಬರಹಗಳಿಂದಲೇ ಕೀರ್ತಿ ಪಡೆಯಿತು. ೨೦೧೪ರ ಆಗಸ್ಟಿನಲ್ಲಿ ಫೇಸ್‌ಬುಕ್, ಕ್ಲಿಕ್ಕಿಗಾಗಿ ಗಾಳ ಹಾಕುವ ತಲೆಬರಹಗಳನ್ನು ಹಿಂದಕ್ಕೆ ತಳ್ಳುವುದಾಗಿ ಹೇಳಬೇಕಾಯಿತು. ಒತ್ತಿದವನು ಒಳಗೆ ಎಷ್ಟು ಹೊತ್ತು ಕುಳಿತ, ಇಲ್ಲವೇ ಒಡನೆಯೇ ಹಿಂದಿರುಗಿದನೇ ಎಂಬುದನ್ನು ಅವರು ಅಳೆದರು.

ಈ ಅಳತೆ ಬಹಳ ಸರಿಯಾದದ್ದು. ಮನೆಯೊಳಗೆ ಬಂದವನು ಹೊಸ್ತಿಲಲ್ಲೇ ತಿರುಗಿ ಹೋದರೆ ಅವನು ಅತಿಥಿಯಲ್ಲ. ಈ ಸೊಪ್ಪನ್ನು ಬೆಳಿಗ್ಗೆ ತಿಂದರೆ ಏನಾಗುತ್ತದೆ ಗೊತ್ತೇ ಎಂಬ ವಿವರಣೆಯನ್ನು ಕನ್ನಡದಲ್ಲಿ ಈಗ ದಿನವೂ ಕಾಣುತ್ತೇವೆ. ಒಳಗೆ ಹೋದರೆ ಏನೂ ಆಗುವುದಿಲ್ಲವೆಂದು ತಿಳಿಯುತ್ತದೆ. ಕಾಯಿಲೆಯಿಂದ ನರಳುವವನು ಅದನ್ನು ಒತ್ತಿದನೆಂದರೆ ಅದು ಹಾಡಿನ ಪುಸ್ತಕದ ನಿರುಪದ್ರವಿ ಚಾತುರ್ಯವಾಗಿ ಉಳಿಯುವುದಿಲ್ಲ. ಅದಕ್ಕೆ ನಾನು ವಂಚನೆಯೆಂದೇ ಹೆಸರಿಡುತ್ತೇನೆ.

ಕನ್ನಡದ ಪಾಡನ್ನು ಕುರಿತು ಇನ್ನಷ್ಟು ಹೇಳಬೇಕು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಜಾಗ ದೊರೆತಿತ್ತು. ಆದರೂ ನಾವು ಬಹುಕಾಲ ಬೇರೆ ಬೇರೆ ಫಾಂಟುಗಳ ಖಾಸಗಿ ಸಂಕೇತಗಳಲ್ಲಿ ಬರೆದೆವು. ನೋಡುವವನಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಥ ಪುಟಗಳನ್ನು ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಸಿಕ್ಕಾಗಲೂ ಹೆಸರಿನ ಕೆಳಗಿನ ಎರಡು ಸಾಲು ಪಿಶಾಚಭಾಷೆಯಂತೆ ಕಾಣುತ್ತಿತ್ತು. ಯೂನಿಕೋಡ್ ರೂಢಿಗೆ ಬಂದ ಮೇಲೆ ಆ ತೊಂದರೆ ಕಳೆಯಿತು. ಅಳತೆಯ ತೊಂದರೆ ಉಳಿಯಿತು. ೧೬೦ ಅಕ್ಷರಗಳೊಳಗೆ ವಿವರಣೆ ಮುಗಿಯಲಿ ಎಂಬುದು ಇಂಗ್ಲಿಷಿನಲ್ಲಿ ಬರೆಯುವವರ ವಾಡಿಕೆಯ ಲೆಕ್ಕ. ೨೦೧೭ರ ಡಿಸೆಂಬರಿನಲ್ಲಿ ಗೂಗಲ್ ಜಾಗವನ್ನು ಹಿಗ್ಗಿಸಿ, ೨೦೧೮ರ ಮೇ ತಿಂಗಳಲ್ಲಿ ಮತ್ತೆ ಕುಗ್ಗಿಸಿತು. ನಿಜವಾಗಿ ಅದಕ್ಕೆ ಗೊತ್ತಾದ ಮಿತಿಯಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತಾರೆ. ಆದರೆ ಯಾರ ಲೆಕ್ಕದ ಅಕ್ಷರ? 'ಸ್ವಾತಂತ್ರ್ಯ' ಎಂಬ ಪದದಲ್ಲಿ ನಮ್ಮ ಕಿವಿಗೆ ಮೂರು ಅಕ್ಷರಗಳಿವೆ. ಯಂತ್ರ ಅದನ್ನು ಹನ್ನೊಂದು ಎಂದು ಎಣಿಸುತ್ತದೆ. ಇಂಗ್ಲಿಷಿನ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಿಕೊಂಡರೆ ಕನ್ನಡಿಗನ ವಾಕ್ಯಕ್ಕೆ ಕ್ರಿಯಾಪದ ಬರುವ ಮುನ್ನವೇ ಜಾಗ ಮುಗಿಯುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಕೊನೆ ಕತ್ತರಿಸಿಹೋದರೆ ಉಂಟೋ ಇಲ್ಲವೋ ಎಂಬುದೇ ತಿಳಿಯದು! ಆದ್ದರಿಂದ ಕನ್ನಡದಲ್ಲಿ ಬರೆಯುವವರು ಹೆಸರನ್ನೂ ವಿಷಯವನ್ನೂ ಮುಂದಿಟ್ಟು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮುಗಿಸಬೇಕು. ಐವತ್ತೊಂದು ಮಾತ್ರೆಯ ಸೂಚನೆಗೆ ಈ ಜಾಗ ಧಾರಾಳವಾಗಿ ಸಾಕು.

ಇದೆಲ್ಲ ನನಗೆ ಪುಸ್ತಕದ ಜ್ಞಾನವಾಗಿ ಬರಲಿಲ್ಲ. ಹಳೆಯ ಕಾವ್ಯಗಳನ್ನು ಅಂತರಜಾಲಕ್ಕೆ ಏರಿಸುತ್ತಿರುವ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ತಮ್ಮ ತಾಣಕ್ಕೆ ವಿವರಣೆ ಬರೆದುಕೊಡಿರೆಂದು ಕೇಳಿದರು. ಅಲ್ಲಿಯವರೆಗೆ ಅವರು ಏನನ್ನೂ ಬರೆದಿರಲಿಲ್ಲ. ಫಲವಾಗಿ ಹುಡುಕುಯಂತ್ರ ತನಗೆ ತೋಚಿದ್ದನ್ನು ಎತ್ತಿಕೊಂಡಿತ್ತು. ಒಂದು ಮಹಾಕಾವ್ಯದ ಹೆಸರಿನ ಕೆಳಗೆ 'ಮುಖಪುಟ, ನಮ್ಮ ಬಗ್ಗೆ, ಸಂಪರ್ಕಿಸಿ, ಮುಖಪುಟ' ಎಂದಿತ್ತು! ಮೂರು ವರ್ಷ ಕುಳಿತು ಪಾಠ ತಿದ್ದಿದ ಹುಡುಗರ ದುಡಿಮೆ ಹೀಗೆ ಬಾಗಿಲಲ್ಲೇ ಅನಾಥವಾಗಿ ನಿಂತಿದ್ದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಓದುವವರಿಲ್ಲವೆಂದು ನಾವು ಗೊಣಗುತ್ತೇವೆ. ಓದಬಯಸಿದವನು ಬಾಗಿಲವರೆಗೆ ಬಂದಾಗ ಅವನಿಗೆ ಒಂದು ಮಾತು ಹೇಳುವವರಿಲ್ಲ.

ಈಚೆಗೆ ಇನ್ನೊಂದು ಬದಲಾವಣೆ ಬಂದಿದೆ. ೨೦೨೪ರಿಂದ ಗೂಗಲ್ ಅನೇಕ ಪ್ರಶ್ನೆಗಳಿಗೆ ಪುಟಗಳ ಪಟ್ಟಿಗೂ ಮೇಲೆ, ಯಂತ್ರವೇ ಹಲವು ಪುಟಗಳಿಂದ ಹೊಂದಿಸಿ ಬರೆದ ಉತ್ತರವನ್ನು ತೋರಿಸುತ್ತಿದೆ. ಉತ್ತರ ಅಲ್ಲಿಯೇ ಸಿಕ್ಕರೆ ಒಳಗೆ ಯಾರು ಬಂದಾರು ಎಂದು ತಾಣದ ಒಡೆಯರು ಚಿಂತಿಸುತ್ತಿದ್ದಾರೆ. ಅವರ ಚಿಂತೆ ಸುಳ್ಳಲ್ಲ. ಊರಿನ ಪಿನ್‌ಕೋಡು, ಬಸ್ಸಿನ ಹೊತ್ತು, ಅನ್ನಕ್ಕೆ ನೀರಿನ ಅಳತೆ ಇವುಗಳನ್ನು ಕೇಳಿಬಂದವನು ಉತ್ತರ ದೊರೆತೊಡನೆ ಹೋಗುತ್ತಾನೆ. ಅವನನ್ನು ಹಿಡಿದಿಡಲು ಹೊರಟವರಿಗೆ ಇನ್ನು ಕಷ್ಟಕಾಲವೇ. ಆದರೆ ಕರ್ಣ ಸಾಯುತ್ತಾನೆಂದು ಸೂಚನೆಯಲ್ಲಿ ಕೇಳಿದ ಮೇಲೂ ಕರ್ಣಪರ್ವಕ್ಕೆ ಕುಳಿತವರು ಕರ್ಣ ಸತ್ತನೇ ಎಂದು ತಿಳಿಯಲು ಬಂದವರಾಗಿರಲಿಲ್ಲ. ಅಂಥ ಕೇಳುಗರು ಇನ್ನೂ ಇದ್ದಾರೆ. ಅವರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲವೆಂಬುದೂ ನಿಜ.

ಹುಡುಗರಿಗೆ ನಾನು ಜೈಮಿನಿ ಭಾರತಕ್ಕೆ ಬರೆದುಕೊಟ್ಟ ವಿವರಣೆ ಹೀಗಿದೆ: 'ಲಕ್ಷ್ಮೀಶನ ಜೈಮಿನಿ ಭಾರತ. ಧರ್ಮರಾಯನ ಯಜ್ಞದ ಕುದುರೆಯ ಹಿಂದೆ ಹೋದವರ ಕಥೆ. ಸುಧನ್ವ, ಬಭ್ರುವಾಹನ, ಚಂದ್ರಹಾಸ. ವಾರ್ಧಕ ಷಟ್ಪದಿ, ೩೪ ಸಂಧಿ. ಪೂರ್ಣ ಮೂಲ, ಕಠಿಣ ಪದಗಳ ಅರ್ಥ. ಗದ್ಯಾನುವಾದ ಇಲ್ಲ.' ಕೊನೆಯ ಎರಡು ಪದಗಳನ್ನು ತೆಗೆದುಹಾಕೋಣವೇ ಸಾರ್, ಅದನ್ನು ನೋಡಿ ಅರ್ಧ ಜನ ಬರುವುದಿಲ್ಲ ಎಂದು ಅವರಲ್ಲೊಬ್ಬ ಕೇಳಿದ. ಅದು ಆ ಅರ್ಧ ಜನರಿಗಾಗಿಯೇ ಬರೆದದ್ದಪ್ಪಾ, ಅವರ ಸಮಯವೂ ಸಮಯವೇ ಎಂದೆ. ಹಾಗೆಯೇ ಉಳಿಸಿಕೊಂಡಿದ್ದಾರೆ. ಈಗ ತೊರವೆ ರಾಮಾಯಣದ ವಿವರಣೆಯನ್ನು ಬರೆಯುತ್ತಿದ್ದೇನೆ.